ಒಂಬತ್ತನೆಯದು

ಆರು ವಾರಕ್ಕೊಬ್ಬ ಡಾಕ್ಟರು ನಮ್ಮ ಊಮ್ಮನ್ನಾಕಿಗೆ.
ಹೆಲಿಕಾಪ್ಟರಿಂದಿಳಿದು ಮೊದಲು ಬೆಟ್ಟದ ಫೋಟೋ ತೆಗೆಯುತ್ತಾರೆ,
ಆಮೇಲೆ ನನ್ನ ಕೈ ಕುಲುಕುತ್ತಾರೆ: ಓಹೋ, ದುಭಾಷಿ ನೀವೇನಾ.
ಈ ಸಲದವಳು ರಿಕ್ಕೆ. ಎರಡು ಜೊತೆ ಕಾಲುಚೀಲ ಹಾಕಿಯೂ
ನಡುಗುತ್ತಾಳೆ, ನಡುಗುವುದನ್ನು ಮರೆಮಾಡುವುದಿಲ್ಲ.

ಡಿಸೆಂಬರ್. ಸೂರ್ಯ ಹೋಗಿ ತಿಂಗಳ ಮೇಲಾಯಿತು.
ಹಗಲು ಹನ್ನೊಂದಕ್ಕೆ ಕಿಟಕಿಗೆ ಒಂದಿಷ್ಟು ನೀಲಿ ಬಂದು
ಕೂರದೆ ಹೋಗುತ್ತದೆ.
ಎದುರಿನ ಕುರ್ಚಿಯಲ್ಲಿ ಎನೋಕ್,
ಹಾಲಿಬಟ್ ಮೀನಿನವನು, ಹದಿನಾಲ್ಕು ನಾಯಿಗಳ ಯಜಮಾನ,
ಭುಜ ನೋವೆಂದು ಬಂದವನು.
ಭುಜವನ್ನು ತಿರುಗಿಸಿ, ಒತ್ತಿ, ಎತ್ತಿಸಿ ನೋಡಿದ ರಿಕ್ಕೆ
ಅದನ್ನಲ್ಲಿಗೇ ಬಿಟ್ಟು ಕೇಳಿದಳು: ನಿದ್ದೆ ಹೇಗೆ?
ಅವನು ತನ್ನ ಬೂಟು ನೋಡಿಕೊಂಡ.
ಆಗ ಡ್ರಾಯರಿನಿಂದ ಹೊರಬಂತು ಆ ಹಾಳೆ.

ಒಂಬತ್ತು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಎಷ್ಟು ದಿನ, ಎಷ್ಟು ದಿನ.
ಡೇನಿಷಿನಲ್ಲಿ ಅವಳು, ನಮ್ಮ ಮಾತಿನಲ್ಲಿ ನಾನು,
ಕೈಯಿಂದ ಕೈಗೆ ದಾಟುವ ಬಕೆಟ್ಟು:
ಹೋಗುವಾಗ ತುಸು ಚೆಲ್ಲುತ್ತದೆ, ಬರುವಾಗ ತುಸು.
ಹಸಿವು?
‘ನಾಯಿಗಳಿಗೆ ಹಾಕ್ತೀನಿ. ನಂದು ಮರೀತೀನಿ.’
ಇದಕ್ಕೆ ಯಾವ ಅಂಕಿ? ರಿಕ್ಕೆಯ ಪೆನ್ನು
ಗಾಳಿಯಲ್ಲಿ ನಿಂತು, ಎರಡಕ್ಕಿಳಿಯಿತು.

ಒಂಬತ್ತನೆಯದು ನನಗೆ ಬಾಯಿಪಾಠ.
ಹನ್ನೊಂದು ವರ್ಷದ ಹಿಂದೆ ಇದೇ ಕೋಣೆಯಲ್ಲಿ
ಅದನ್ನು ನಾನು ಮೆತ್ತಗೆ ಮಾಡಿದ್ದೆ.
ಹುಡುಗಿ ಚಿಕ್ಕವಳು, ಗೊತ್ತಿದ್ದವಳು, ಹೊರಗೆ ಅವಳಮ್ಮ.
ಸಾಯುವ ಯೋಚನೆ ಬರುತ್ತದೆಯೇ ಎನ್ನುವ ಕಡೆ
‘ಅಂಥದ್ದೇನೂ ಇಲ್ಲ ತಾನೇ?’ ಅಂದುಬಿಟ್ಟೆ.
ಒಂದು ತಾನೇ.
ಬಾಗಿಲು ತೆರೆದಂತೆ ಮಾಡಿ ಅಗುಳಿ ಹಾಕುವ ಪದ.
ಅವಳು ಮೂಗು ಸುಕ್ಕಿಸಿದಳು. ನಮ್ಮಲ್ಲಿ ಅದು ಇಲ್ಲ ಎಂದು.
ಇಲ್ಲವಂತೆ, ಅಂದೆ. ಅಂದಿನ ಡಾಕ್ಟರು ಬರೆದುಕೊಂಡ.

ಈಗ ನನ್ನ ತಂಗಿಯ ಮಗಳಿಗೆ ಅವಳ ಹೆಸರು.
ಹೋದವರದನ್ನು ಹುಟ್ಟಿದವರಿಗೆ ಇಡುವುದು ನಮ್ಮ ರೂಢಿ.
ಮಗುವಿಗೀಗ ಹತ್ತು. ಕರೆದಾಗಲೆಲ್ಲ
ಇಬ್ಬರು ತಿರುಗಿ ನೋಡುತ್ತಾರೆ.

ರಿಕ್ಕೆ ಕೇಳಿದಳು, ಸೊನ್ನೆಯಿಂದ ಮೂರರ ಖಾನೆಗಳ ಮೇಲೆ ಕಣ್ಣಿಟ್ಟು.
ನಾನೂ ಕೇಳಿದೆ, ಬಾಲ ಅಂಟಿಸದೆ:
ಎನೋಕ್, ಸಾಯೋದೇ ವಾಸಿ ಅನ್ಸಿದೆಯಾ ನಿನಗೆ?

ರೇಡಿಯೇಟರ್ ಕಟಕಟ ಅಂತು.
ಹೊರಗೊಂದು ನಾಯಿ ಊಳಿಟ್ಟಿತು; ಉಳಿದವು ದನಿ ಸೇರಿಸಲಿಲ್ಲ.
ಎನೋಕ್ ಹುಬ್ಬು ಎತ್ತಿದ.
ಅಷ್ಟೇ. ಅರ್ಧ ಬೆರಳು ಮೇಲೆ, ಮತ್ತೆ ಕೆಳಗೆ.

ಕಾಗದದಿಂದ ತಲೆಯೆತ್ತಿದ ರಿಕ್ಕೆ ನನ್ನ ಕಡೆ: ಏನಂದರು?
ಏನೂ ಅನ್ನಲಿಲ್ಲ ಎಂದರೆ ಸುಳ್ಳಾಗುತ್ತಿರಲಿಲ್ಲ.
ಅನುವಾದಕ್ಕೆ ಒಂದಕ್ಷರವೂ ಇರಲಿಲ್ಲ ಅಲ್ಲಿ.
ಅವನು ನನ್ನನ್ನೇ ನೋಡುತ್ತಿದ್ದ,
ಹೊಸ ಮಂಜಿನ ಮೇಲೆ ಒಂದು ಕಾಲಿಟ್ಟು
ಇನ್ನೊಂದನ್ನು ಎತ್ತದೆ ನಿಂತವನ ಹಾಗೆ.

ಹೌದು ಅಂದರು, ಅಂದೆ.
ಹುಬ್ಬು ಎತ್ತಿದರೆ ನಮ್ಮಲ್ಲಿ ಹೌದು.
ಕಾಗದ ಬಿಡಿ ಡಾಕ್ಟರೇ, ಮುಖ ನೋಡಿ.

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು.
ಹಾಳೆ ಬೋರಲು ಮಾಡಿ, ಕುರ್ಚಿ ಹತ್ತಿರಕ್ಕೆಳೆದು,
ಹಾಳೆಯಲ್ಲಿಲ್ಲದ್ದನ್ನು ಕೇಳಿದಳು:
ಎಷ್ಟು ದಿನದಿಂದ ಒಬ್ಬರೇ ಹೊತ್ತಿದ್ದೀರಿ ಇದನ್ನ?

ಆಮೇಲಿನದು ಒಂದೂವರೆ ಗಂಟೆ. ಅವನದು, ನನ್ನದಲ್ಲ.
ಕೊನೆಗೆ ಉಳಿದದ್ದು ಸಣ್ಣಪುಟ್ಟ ಲೆಕ್ಕ:
ಬಂದೂಕು ಸದ್ಯ ಸೋದರತ್ತೆಯ ಮನೆಯಲ್ಲಿರಲಿ,
ರಾತ್ರಿ ಜೊತೆಗೆ ಭಾವಮೈದುನ ಮಲಗಲಿ,
ನಾಳೆ ಹತ್ತಕ್ಕೆ ಮತ್ತೆ ಇಲ್ಲಿಗೆ.
ಭುಜಕ್ಕೆ ಮುಲಾಮನ್ನೂ ಕೊಟ್ಟಳು.
ಭುಜವೂ ನಿಜವಾಗಿಯೇ ನೋಯುತ್ತಿತ್ತು.

ನಾಳೆ ಬರ್ತೀರಲ್ವಾ, ಎಂದು ಬಾಗಿಲಲ್ಲಿ
ಶುರುಮಾಡಿದವಳು ತಡೆದು, ತಿದ್ದಿಕೊಂಡಳು: ಬರ್ತೀರಾ?
ಡೇನಿಷಿನಲ್ಲೇ, ನೇರ ಅವನಿಗೇ.
ಅವನ ಟೋಪಿ ಆಗಲೇ ಕಣ್ಣಿನ ತನಕ ಇಳಿದಿತ್ತು.
ರಿಕ್ಕೆ ಬೆರಳಿಂದ ತನ್ನ ಹಣೆ ಮುಟ್ಟಿ ತೋರಿಸಿದಳು.

ಎನೋಕ್ ಟೋಪಿ ಮೇಲೆ ಸರಿಸಿದ.